ಟಾಪರ್ ಸಾಕಾ, ಹೊಸ ಹಾಸಿಗೆಯೇ ಬೇಕಾ?

ಗುಳಿ ಬಿದ್ದ ಹಾಸಿಗೆಯ ಮೇಲೆ ದಪ್ಪ ಟಾಪರ್, ಅಂದರೆ ಹಾಸಿಗೆಯ ಮೇಲೆ ಹಾಸುವ ಮೆತ್ತನೆಯ ಪದರ, ಹಾಸಿ, ತಿಂಗಳೊಳಗೆ ಮತ್ತೆ ಸೊಂಟ ಹಿಡಿದುಕೊಂಡು ಏಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಕೊನೆಗೆ ಹೊಸ ಹಾಸಿಗೆಯೂ ಮನೆಗೆ ಬರುತ್ತದೆ. ಎರಡೆರಡು ಖರ್ಚು. ಟಾಪರ್ ಗಟ್ಟಿ ಹಾಸಿಗೆಯನ್ನು ಮೆತ್ತಗೆ ಮಾಡುತ್ತದೆ, ಗುಳಿಯನ್ನು ತುಂಬುವುದಿಲ್ಲ. ಗುಳಿ ಇದ್ದ ಕಡೆ ಅದೂ ಜೊತೆಗೇ ಕುಸಿಯುತ್ತದೆ.

ಮೊದಲು ಮಂಚ ನೋಡಿ. ಪಟ್ಟಿ ಮುರಿದಿದ್ದರೆ, ಹಲಗೆ ಬಾಗಿದ್ದರೆ ಅದನ್ನು ಸರಿಮಾಡಿಸಿ. ಅನುಮಾನವಿದ್ದರೆ ಹಾಸಿಗೆಯನ್ನು ಎರಡು ರಾತ್ರಿ ನೆಲದ ಮೇಲೆ ಹಾಕಿ ಮಲಗಿ. ಅಲ್ಲಿ ಆರಾಮ ಎನಿಸಿದರೆ ತಪ್ಪು ಮಂಚದ್ದು.

ಇನ್ನು ಗುಳಿ ಅಳೆಯುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಬೆಡ್‌ಶೀಟ್ ಎಲ್ಲ ತೆಗೆದು, ನಾಲ್ಕೈದು ಗಂಟೆ ಹಾಸಿಗೆಯನ್ನು ಹಾಗೇ ಬಿಡಿ. ಬೆಳಿಗ್ಗೆ ಎದ್ದ ತಕ್ಷಣ ಅಳೆದರೆ ಒತ್ತಿಹೋದ ಫೋಮ್ ಇನ್ನೂ ಮೇಲೆ ಬಂದಿರುವುದಿಲ್ಲ. ಆಮೇಲೆ ತಲೆಯ ಕಡೆಯಿಂದ ಕಾಲಿನ ಕಡೆಗೆ, ನೀವು ಮಲಗುವ ಜಾಗದ ಮೇಲೆಯೇ, ಒಂದು ದಾರವನ್ನು ಇಬ್ಬರು ಬಿಗಿಯಾಗಿ ಎಳೆದು ಹಿಡಿಯಿರಿ. ಅಡ್ಡಕ್ಕೆ ಹಿಡಿಯಬೇಡಿ. ಇಬ್ಬರು ಮಲಗುವ ಹಾಸಿಗೆಯ ನಡುವೆ ದಿಬ್ಬ ಉಳಿದಿರುತ್ತದೆ, ದಾರ ಅದರ ಮೇಲೆ ಕೂತರೆ ಲೆಕ್ಕ ತಪ್ಪುತ್ತದೆ. ಸೊಂಟ ಬರುವ ಜಾಗದಲ್ಲಿ ಸ್ಕೇಲ್ ನಿಲ್ಲಿಸಿ, ಹಾಸಿಗೆಯಿಂದ ದಾರದವರೆಗಿನ ಅಂತರ ನೋಡಿ. ಅದೇ ಗುಳಿಯ ಆಳ. ಒತ್ತಬೇಡಿ, ಸುಮ್ನೆ ತಾಗಿಸಿ. ಒತ್ತಿದರೆ ಸ್ಕೇಲಿನ ತುದಿಯೇ ಫೋಮಿನೊಳಗೆ ಇಳಿದು ಅರ್ಧ ಇಂಚು ಹೆಚ್ಚು ತೋರಿಸುತ್ತದೆ.

ಗುಳಿ ಒಂದು ಇಂಚಿಗಿಂತ ಕಡಿಮೆ ಇದ್ದು, ಹಾಸಿಗೆ ಗಟ್ಟಿ ಎನ್ನುವುದಷ್ಟೇ ತೊಂದರೆಯಾದರೆ ಟಾಪರ್ ಸಾಕು. ಒಂದೂವರೆ ಇಂಚು ದಾಟಿದ್ದರೆ ಹೊಸದೇ ಬೇಕು. ನಡುವಿನಲ್ಲಿದ್ದರೆ ಹಾಸಿಗೆಯ ತಲೆ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಎರಡು ವಾರ ನೋಡಿ.

ದಾರಕ್ಕೆ ಸಿಗದ ಗುಳಿಯೂ ಉಂಟು. ಖಾಲಿ ಇದ್ದಾಗ ಸಮತಟ್ಟಾಗಿ ಕಾಣುವ ಹಾಸಿಗೆ ಮೈಭಾರ ಬಿದ್ದಾಗ ಕುಸಿಯುತ್ತದೆ. ಅಂಗಾತ ಮಲಗಿ, ಮನೆಯವರಿಗೆ ಪಕ್ಕದಿಂದ ನೋಡಲು ಹೇಳಿ. ಸೊಂಟ ಭುಜಕ್ಕಿಂತ ತೀರಾ ಕೆಳಗೆ ಹೋದರೆ ಅಂಥ ಹಾಸಿಗೆಗೂ ಟಾಪರ್ ಮದ್ದಲ್ಲ. ಗುಳಿಯ ಕೆಳಗೆ ಕಂಬಳಿ ಮಡಚಿ ತುರುಕುವವರಿದ್ದಾರೆ. ನಾಲ್ಕು ರಾತ್ರಿಗೆ ಪರವಾಗಿಲ್ಲ, ಅದನ್ನೇ ನಂಬಿ ಕೂರಬೇಡಿ.

ಟಾಪರ್ ಎಂದೇ ತೀರ್ಮಾನವಾದರೆ ಎರಡು ಇಂಚಿನದು ತನ್ನಿ. ಮಗ್ಗುಲಾಗಿ ಮಲಗುವವರಿಗೆ ಮೂರು ಇಂಚು ಒಳ್ಳೆಯದು, ಭುಜ ಒತ್ತುವುದಿಲ್ಲ. ನನ್ನನ್ನು ಕೇಳಿದರೆ ಲೇಟೆಕ್ಸ್, ಅಂದರೆ ರಬ್ಬರ್ ಫೋಮ್. ಮೆಮೊರಿ ಫೋಮ್ ಮೈಗೆ ಹೊಂದಿಕೊಳ್ಳುತ್ತದೆ ನಿಜ, ಆದರೆ ಶಾಖ ಹಿಡಿದಿಡುತ್ತದೆ. ಮೊಟ್ಟೆ ಟ್ರೇ ಥರ ಉಬ್ಬುತಗ್ಗಿನ ತೆಳು ಫೋಮ್ ಮಾತ್ರ ಬೇಡವೇ ಬೇಡ. ಅದರಲ್ಲಿ ಫೋಮಿಗಿಂತ ಗಾಳಿಯೇ ಜಾಸ್ತಿ ಅಲ್ವಾ, ಬೇಗ ಚಪ್ಪಟೆಯಾಗುತ್ತದೆ. ಹೊಸ ಫೋಮ್ ವಾಸನೆ ಹೋಗುವ ತನಕ ಗಾಳಿಗೆ ಬಿಚ್ಚಿಡಿ.

ಹೊಸ ಹಾಸಿಗೆ ಎಂದಾದರೆ, ಹಳೆಯದರ ವಾರಂಟಿ ಕಾರ್ಡ್ ಮೊದಲು ಹುಡುಕಿ. ಎಷ್ಟು ಆಳದ ಗುಳಿಗೆ ಬದಲಿ ಕೊಡುತ್ತಾರೆ ಎಂದು ಹಲವು ಕಾರ್ಡುಗಳಲ್ಲಿ ಬರೆದಿರುತ್ತದೆ. ದಾರ, ಸ್ಕೇಲ್ ಎರಡೂ ಕಾಣುವ ಹಾಗೆ ಫೋಟೋ ತೆಗೆದಿಡಿ.