ಕೊಡಗಿನ ತೋಟದ ಮನೆಯಲ್ಲಿ ವಿದ್ಯುತ್ ಕಾರು ಒಗ್ಗಿದ ಬಗೆ: ನನ್ನ ಅನುಭವ

ಕೊಡಗಿನಲ್ಲಿ ವಿದ್ಯುತ್ ಕಾರು ಒಗ್ಗುವುದಿಲ್ಲ ಎಂದು ನನಗೆ ಹೇಳಿದವರು ಅನುಭವವಿಲ್ಲದವರಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಬೇಸಿಗೆಯಲ್ಲಿ ಕರೆಂಟ್ ಇದ್ದರೂ ವೋಲ್ಟೇಜ್ ಇರುವುದಿಲ್ಲ, ಘಾಟಿ ಹತ್ತುವಾಗ ಬ್ಯಾಟರಿಯ ಚಾರ್ಜ್ ಕರಗುತ್ತದೆ ಎಂಬ ಅವರ ಮೂರು ಕಾರಣಗಳೂ ನಿಜವೇ. ವಿರಾಜಪೇಟೆಯ ಕಡೆಯ ನಮ್ಮ ತೋಟದಲ್ಲಿ ಈ ಮೂರನ್ನೂ ಎದುರಿಸಿ ಕಾರು ಈಗ ನಿರಾತಂಕವಾಗಿ ಓಡುತ್ತಿದೆ. ಅಂದು ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಈಗ ನನ್ನ ಚಾರ್ಜಿಂಗ್ ಬೋರ್ಡಿನ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಹಣದ ವಿಷಯ. ವಿದ್ಯುತ್ ವಾಹನಗಳಿಗೆ ಸಹಾಯಧನ ಕೊಡುವ ಕೇಂದ್ರದ ಫೇಮ್-2 ಯೋಜನೆ 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಡೆದರೂ ಸ್ವಂತ ಬಳಕೆಯ ಕಾರಿಗೆ ಅದರಲ್ಲಿ ಸಹಾಯಧನ ಇರಲಿಲ್ಲ. ಕಾರು ಕೊಳ್ಳುವವರಿಗೆ ದಕ್ಕಿದ್ದು 2019ರ ಆಗಸ್ಟ್‌ನಿಂದ ಶೇ 5ಕ್ಕೆ ಇಳಿದ ಜಿಎಸ್‌ಟಿ, ರಾಜ್ಯದ ರಸ್ತೆ ತೆರಿಗೆ ವಿನಾಯಿತಿ ಮತ್ತು 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಮಾತ್ರ. ಇವೆಲ್ಲ ಸೇರಿದರೂ ಹೊಸ ಕಾರಿನ ಬೆಲೆ ನನ್ನ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಒಬ್ಬರೇ ಓಡಿಸಿದ್ದ 30.2 ಕಿಲೋವ್ಯಾಟ್ ಅವರ್ (ಅಂದರೆ ಅಷ್ಟೇ ಯೂನಿಟ್) ಬ್ಯಾಟರಿಯ ಹಳೆಯ ಟಾಟಾ ನೆಕ್ಸಾನ್ ಇವಿಯನ್ನು ಎಂಟೂವರೆ ಲಕ್ಷದ ಆಸುಪಾಸಿನಲ್ಲಿ ಕೊಂಡೆ. ಎಂಟು ವರ್ಷದ ಬ್ಯಾಟರಿ ವಾರಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಇತ್ತು. ಒಂದು ಬ್ಯಾಂಕ್ ಹಳೆಯ ವಿದ್ಯುತ್ ಕಾರಿಗೆ ಸಾಲವೇ ಇಲ್ಲವೆಂದಿತು, ಇನ್ನೊಂದು ಹೇಳಿದ ಬಡ್ಡಿ ಹೊಸ ಕಾರಿನ ಬಡ್ಡಿಗಿಂತ ನಾಲ್ಕೈದು ಶೇಕಡಾ ಹೆಚ್ಚಿತ್ತು. ಕೊನೆಗೆ ಆಭರಣ ಸಾಲವೇ ಅಗ್ಗವಾಯಿತು. ಹಳೆಯ ಕಾರಿನ ಸಾಲದ ಬಡ್ಡಿಯನ್ನು ಇಳಿಸುವ ನೀತಿಯೊಂದು ಬಂದಿದ್ದರೆ ನಮ್ಮಂಥ ಸಣ್ಣ ಬೆಳೆಗಾರರಿಗೆ ಶೋರೂಮಿನ ಸಹಾಯಧನಕ್ಕಿಂತ ಅದೇ ಹೆಚ್ಚು ಉಪಕಾರವಾಗುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಕಾರು ಬಂದ ಮೇಲೆ ನಿಜವಾದ ಕಷ್ಟ ಆರಂಭವಾಯಿತು. 15 ಆಂಪಿಯರ್ ಸಾಕೆಟ್‌ಗೆ ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ, ಚಾರ್ಜ್ ಆಗುತ್ತಿರಲಿಲ್ಲ. ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಮತ್ತು ಅರ್ತ್ (ನೆಲಕ್ಕೆ ಜೋಡಿಸಿದ ಸುರಕ್ಷತಾ ತಂತಿ) ನಡುವೆ ಅಳೆದಾಗ ಹನ್ನೆರಡು ವೋಲ್ಟ್‌ಗೂ ಮೇಲೆ ತೋರಿಸುತ್ತಿತ್ತು. ಮನೆಯ ಹಳೆಯ ಅರ್ತ್ ಪೈಪ್ ಅರ್ಧ ತುಕ್ಕಾಗಿತ್ತು. ಹೊಸ ಪಿಟ್ ತೆಗೆಸಿ ಜಿಐ ಪೈಪ್, ಇದ್ದಿಲು, ಉಪ್ಪು ಹಾಕಿಸಲು ಐದಾರು ಸಾವಿರ ಹೋಯಿತು. ಮಳೆಗಾಲ ಪೂರ್ತಿ ಸೊಗಸಾಗಿ ನಡೆದದ್ದು ಜನವರಿ ಕಳೆಯುತ್ತಿದ್ದಂತೆ ಮತ್ತೆ ಕೆಂಪು ದೀಪ. ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿದರೆ ಅರ್ತ್ ರೆಸಿಸ್ಟೆನ್ಸ್ (ಕರೆಂಟ್ ನೆಲಕ್ಕಿಳಿಯಲು ಇರುವ ತಡೆ) ಹಲವು ಪಟ್ಟು ಏರುತ್ತದೆ. ಎರಡನೆಯ ಸಲ ತಾಮ್ರ ಲೇಪಿತ ರಾಡುಗಳನ್ನು ಎರಡು ಪಿಟ್‌ಗಳಲ್ಲಿ ಇಳಿಸಿ ಒಂದಕ್ಕೊಂದು ಜೋಡಿಸಿದೆ. ಖರ್ಚು ಹದಿನಾಲ್ಕು ಸಾವಿರದ ಹತ್ತಿರ. ಆಗ ನ್ಯೂಟ್ರಲ್-ಅರ್ತ್ ವೋಲ್ಟೇಜ್ ಎರಡಕ್ಕಿಂತ ಕೆಳಗಿಳಿಯಿತು, ಏಪ್ರಿಲ್‌ನಲ್ಲೂ ಏರಲಿಲ್ಲ. ಪಿಟ್‌ನ ಜಾಗವನ್ನು ಹೇಗೆ ಆರಿಸಿದೆ, ಇದ್ದಿಲು-ಉಪ್ಪಿನ ಬದಲು ಏನು ತುಂಬಿಸಿದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೂ ಎರಡು ಬೇಸಿಗೆ ಅದು ತಾಳಿದರೆ ಬರೆಯುತ್ತೇನೆ.

ವೋಲ್ಟೇಜ್ ಬೇರೆಯೇ ಕಥೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆಂದು ನಮ್ಮ ಫೀಡರ್ (ಕರೆಂಟ್ ತರುವ ಮುಖ್ಯ ಲೈನ್) ಮೇಲಿನ ತೋಟಗಳೆಲ್ಲ ಸ್ಪ್ರಿಂಕ್ಲರ್ ಹಾಕಿದಾಗ ನಮ್ಮಲ್ಲಿ 165, 170 ವೋಲ್ಟ್ ಕಂಡರೆ ಹೆಚ್ಚು. ಒಂಬತ್ತು ಸಾವಿರ ಕೊಟ್ಟು ತಂದ ಸ್ಟೆಬಿಲೈಸರ್ ಗಂಟೆಗಟ್ಟಲೆ ಪೂರ್ಣ ಲೋಡ್ ಹೊತ್ತು ಮೂರನೆಯ ವಾರಕ್ಕೇ ಸುಟ್ಟಿತು, ಬದಲಿಗೆ ಬಂದದ್ದೂ ಉಳಿಯಲಿಲ್ಲ. ಕೆಲಸ ಮಾಡಿದ್ದು ಖರ್ಚಿಲ್ಲದ ಉಪಾಯ: ನೆರೆಯವರ ಪಂಪ್ ಸರದಿ ತಿಳಿದುಕೊಂಡು ನಡುರಾತ್ರಿ ಒಂದರಿಂದ ಬೆಳಗಿನವರೆಗೆ ಮಾತ್ರ ಚಾರ್ಜ್ ಮಾಡುವುದು. ಟೈಮರ್, ಕಾಂಟ್ಯಾಕ್ಟರ್ (ಟೈಮರ್ ಹೇಳಿದಂತೆ ದೊಡ್ಡ ಲೋಡನ್ನು ಆನ್-ಆಫ್ ಮಾಡುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಬಿಒ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಸೇರಿ ಮೂರು ಸಾವಿರದೊಳಗೆ ಮುಗಿಯಿತು.

ಮೀಟರಿನ ವಿಷಯವನ್ನು ಯಾರೂ ಹಗುರವಾಗಿ ಕಾಣಬಾರದು. ಗೃಹಜ್ಯೋತಿಯಲ್ಲಿ ಹಿಂದಿನ ಸರಾಸರಿಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ, 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಕಾರೊಂದೇ ತಿಂಗಳಿಗೆ 270 ಯೂನಿಟ್ ಎಳೆಯುವುದರಿಂದ ಮನೆಯ ಮೀಟರಿನಲ್ಲಿ ಚಾರ್ಜ್ ಮಾಡಿದ ಮೊದಲ ತಿಂಗಳುಗಳಲ್ಲಿ ಅಡುಗೆಮನೆಯ ಉಚಿತ ವಿದ್ಯುತ್ತೂ ಕೈತಪ್ಪಿತು. ಪಂಪ್‌ಸೆಟ್ ಲೈನಿನಿಂದ ಎಳೆಯಿರಿ ಎಂದು ಸಲಹೆ ಕೊಟ್ಟವರಿದ್ದರು. ಅದು ಕಾನೂನಿಗೆ ವಿರುದ್ಧ, ನಾನು ಒಪ್ಪಲಿಲ್ಲ. ವಿದ್ಯುತ್ ದರಪಟ್ಟಿಯಲ್ಲಿ ಚಾರ್ಜಿಂಗ್‌ಗೆಂದೇ ಇರುವ ಎಲ್‌ಟಿ-6(ಸಿ) ವರ್ಗದಲ್ಲಿ ಪ್ರತ್ಯೇಕ ಸಂಪರ್ಕ ಕೇಳಿದಾಗ, ಅದು ಪೆಟ್ರೋಲ್ ಬಂಕಿನಂಥ ಸ್ಟೇಷನ್ನಿಗೆ ಮಾತ್ರ ಎಂದು ವಿದ್ಯುತ್ ಕಚೇರಿಯವರು ಅರ್ಜಿಯನ್ನು ಹಿಂದಿರುಗಿಸಿದರು. ದರಪಟ್ಟಿಯ ಪುಟವನ್ನೇ ಲಗತ್ತಿಸಿ ಮತ್ತೆ ಮತ್ತೆ ಕೊಟ್ಟು, ತಿಂಗಳುಗಳ ನಂತರ ಮೀಟರ್ ಪಡೆದೆ. ಆಗ ಯೂನಿಟ್‌ಗೆ ಸುಮಾರು ನಾಲ್ಕೂವರೆ ರೂಪಾಯಿ; ನಿಗದಿ ಶುಲ್ಕ, ತೆರಿಗೆ ಸೇರಿ ತಿಂಗಳಿಗೆ ಸಾವಿರದ ಎಂಟುನೂರರ ಆಚೀಚೆ. ಅಷ್ಟೇ ಓಡಾಟಕ್ಕೆ ಹಳೆಯ ಪೆಟ್ರೋಲ್ ಕಾರು ಹನ್ನೆರಡು ಸಾವಿರ ನುಂಗುತ್ತಿತ್ತು. ಅರ್ತಿಂಗ್, ಸುಟ್ಟ ಸ್ಟೆಬಿಲೈಸರ್, ಮೀಟರ್ ಸೇರಿ ಆದ ನಲವತ್ತು ಸಾವಿರದಷ್ಟು ಖರ್ಚು ಆರು ತಿಂಗಳೊಳಗೆ ಮರಳಿತು.

ಈ ನಡುವೆ ಮಳೆಗಾಲದ ಕರೆಂಟ್ ಕಡಿತಕ್ಕೆ ಉತ್ತರ ಹುಡುಕುತ್ತ ತೋಡಿನ ನೀರಿನ ಮೇಲೂ ಕೈಯಿಟ್ಟೆ. ನಮ್ಮ ತೋಟದ ಕೆಳಗಿನ ತೋಡು ಜೂನ್‌ನಿಂದ ನವೆಂಬರ್‌ವರೆಗೆ ಚೆನ್ನಾಗಿ ಹರಿಯುತ್ತದೆ. ಒಂದು ಕಿಲೋವ್ಯಾಟಿನ ಪಿಕೊ ಟರ್ಬೈನ್ (ಹರಿಯುವ ನೀರಿನಿಂದ ವಿದ್ಯುತ್ ತಯಾರಿಸುವ ಪುಟ್ಟ ಯಂತ್ರ) ಹಗಲಿರುಳು ತಿರುಗಿದರೆ ದಿನಕ್ಕೆ ಇಪ್ಪತ್ತು ಯೂನಿಟ್ ಬರಬೇಕೆಂಬುದು ಲೆಕ್ಕ. ಆದರೆ ಚಾರ್ಜಿಂಗ್ ಮಾನದಂಡದಂತೆ ಕಾರು 6 ಆಂಪಿಯರ್‌ಗಿಂತ ಕಡಿಮೆಗೆ ಒಪ್ಪುವುದಿಲ್ಲ, ಅಂದರೆ ಕನಿಷ್ಠ 1.4 ಕಿಲೋವ್ಯಾಟ್ ಬೇಕು. ಚಾರ್ಜರ್ ಆನ್ ಆದ ಕ್ಷಣವೇ ಟರ್ಬೈನ್ ಕುಸಿಯುತ್ತಿತ್ತು. ಹಾಗಾಗಿ ಅದನ್ನು ಮನೆಯ ದೀಪ, ಫ್ರಿಜ್, ಕಾರ್ಮಿಕರ ಲೈನ್ ಮನೆಗಳಿಗೆ ತಿರುಗಿಸಿದೆ, ಕಾರಿಗೆ ಗ್ರಿಡ್ (ಹೊರಗಿನ ವಿದ್ಯುತ್ ಲೈನ್) ಉಳಿಯಿತು. ಗ್ರಿಡ್‌ಗೆ ಜೋಡಿಸಿದ ಸೌರ ಫಲಕವೂ ಕಡಿತಕ್ಕೆ ಉತ್ತರವಲ್ಲ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದ್ದರೂ ಲೈನ್ ಹೋದೊಡನೆ ಅದೂ ನಿಲ್ಲುತ್ತದೆ, ಜುಲೈ ತಿಂಗಳ ಮೋಡದಲ್ಲಿ ಅದರಿಂದ ಬರುವುದೂ ಅಷ್ಟಕ್ಕಷ್ಟೆ. ದೀರ್ಘ ಕಡಿತಕ್ಕೆ ನನ್ನಲ್ಲಿರುವುದು ಜನರೇಟರ್. ಅದರ ನ್ಯೂಟ್ರಲ್ ತೇಲುತ್ತಿದ್ದುದರಿಂದ, ಅಂದರೆ ಅರ್ತ್‌ಗೆ ಜೋಡಿಸಿಲ್ಲದ್ದರಿಂದ, ಚಾರ್ಜರ್ ಮೊದಮೊದಲು ನಿರಾಕರಿಸಿತು; ನುರಿತ ಎಲೆಕ್ಟ್ರಿಷಿಯನ್ ಅದನ್ನು ಸರಿಪಡಿಸಿಕೊಟ್ಟರು. ಮಳೆಗಾಲದಲ್ಲಿ ಮೂರ್ನಾಲ್ಕು ಸಲ ಬೇಕಾಗುತ್ತದೆ, ಅಷ್ಟೇ.

ಘಾಟಿಯ ಭಯ ಅರ್ಧ ಮಾತ್ರ ನಿಜ. ಸಂಪಾಜೆಯಿಂದ ಮಡಿಕೇರಿಗೆ ಹತ್ತಲು ಎತ್ತರಕ್ಕೆಂದೇ ನಾಲ್ಕು ಯೂನಿಟ್ ಹೆಚ್ಚು ಬೇಕು, ಇಳಿಯುವಾಗ ಮೋಟರೇ ವಿದ್ಯುತ್ ತಯಾರಿಸುವುದರಿಂದ ಅದರಲ್ಲಿ ಅರ್ಧದಷ್ಟು ಬ್ಯಾಟರಿಗೆ ಮರಳುತ್ತದೆ. ಮಡಿಕೇರಿಯಿಂದ ಇಳಿಯುವವರು ಬ್ಯಾಟರಿಯನ್ನು ನೂರಕ್ಕೆ ತುಂಬಿಸಿ ಹೊರಡಬಾರದು. ತುಂಬಿದ ಬ್ಯಾಟರಿಗೆ ಮರಳಿದ್ದನ್ನು ತೆಗೆದುಕೊಳ್ಳಲು ಜಾಗವಿರುವುದಿಲ್ಲ, ಬ್ರೇಕ್ ಪ್ಯಾಡ್ ಸವೆಯುತ್ತದೆ. ನಾನು 85ಕ್ಕೇ ನಿಲ್ಲಿಸುತ್ತೇನೆ.

ಭಾಗಮಂಡಲದ ಮೇಲಿನ ಊರುಗಳಂತೆ ವಾರಗಟ್ಟಲೆ ಲೈನ್ ಇಲ್ಲದ ಕಡೆ ಇರುವವರು, ಮನೆಯಲ್ಲಿ ಒಂದೇ ವಾಹನವಿದ್ದರೆ, ಈಗಲೇ ಇದಕ್ಕೆ ಇಳಿಯುವುದು ಬೇಡ. ಉಳಿದವರು ಕಾರು ನೋಡಲು ಬೆಂಗಳೂರಿಗೆ ಹೋಗುವ ಮೊದಲು ಮಾರ್ಚ್ ತಿಂಗಳ ಒಂದು ಸಂಜೆ ತಮ್ಮ ಸಾಕೆಟ್‌ನಲ್ಲಿ ವೋಲ್ಟೇಜನ್ನೂ ನ್ಯೂಟ್ರಲ್-ಅರ್ತ್ ಅಂತರವನ್ನೂ ಅಳೆದು ಬರೆದಿಟ್ಟುಕೊಳ್ಳಲಿ.