ಅಪ್ಪನ ಯೆಜ್ಡಿ, ಅಮ್ಮನ ಬಿಪಿ ಮಿಷಿನ್

ನಮ್ಮ ಮನೆಯ ಯೆಜ್ಡಿ 1979ರ ಗಾಡಿ. 250 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಅದನ್ನು ಮಾಡಿದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತುಹೋಯಿತು. ಗಾಡಿ ಮಾತ್ರ ಅದೇ ಮೈಸೂರಿನಲ್ಲಿ ಇನ್ನೂ ಓಡುತ್ತಿದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಸದ್ದು ಕೆಟ್ಟಿತು. ಸಿಗ್ನಲ್‌ನಲ್ಲಿ ನಿಂತರೆ ತಾನಾಗೇ ರೇಸ್ ಆಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಸದ್ದು ತಕ್ಷಣ ಇಳಿಯುತ್ತಿರಲಿಲ್ಲ. ಇದು ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆದಾಗಿನ ಲಕ್ಷಣ. ಆದರೆ ರಸ್ತೆಗಿಳಿದು ಅರ್ಧ ಆಕ್ಸಿಲರೇಟರ್ ಕೊಟ್ಟರೆ ಪೂರಾ ಉಲ್ಟಾ. ಗೊರಗೊರ ಅಂತ ತೊದಲುತ್ತಿತ್ತು, ಹಿಂದೆ ಹೊಗೆಯ ಮೋಡ. ಪೆಟ್ರೋಲ್ ಜಾಸ್ತಿಯಾದರೆ ಟೂ ಸ್ಟ್ರೋಕ್ ಎಂಜಿನ್ ಹೀಗೇ ಒಂದು ಸುತ್ತು ಬಿಟ್ಟು ಇನ್ನೊಂದು ಸುತ್ತಿಗೆ ಉರಿಯುತ್ತದೆ. ಒಂದೇ ಗಾಡಿಯಲ್ಲಿ ಎರಡೂ ಹೇಗೆ? ಸಾಲದು ಅಂತ, ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಮಿಸ್ಸಿಂಗ್ ಬೇರೆ.

ಕೇಳಿದವರೆಲ್ಲ ಹೇಳಿದ್ದು ಒಂದೇ: "ಕಾರ್ಬೊರೇಟರ್ ಕ್ಲೀನ್ ಮಾಡಿಸಿ." ಪೆಟ್ರೋಲಿಗೆ ಗಾಳಿ ಬೆರೆಸುವ ಆ ಭಾಗವನ್ನು ಮೂರು ಸಲ ಕ್ಲೀನ್ ಮಾಡಿದೆ. ಅಪ್ಪನ ಸ್ನೇಹಿತರೊಬ್ಬರು, "ಆಯಿಲ್ ಸ್ವಲ್ಪ ಜಾಸ್ತಿ ಹಾಕಪ್ಪ, ಎಂಜಿನ್ ತಣ್ಣಗಿರುತ್ತೆ" ಅಂದರು. ಟೂ ಸ್ಟ್ರೋಕ್‌ಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ, ಅಂದರೆ 25ಕ್ಕೆ 1. ಅದಕ್ಕಿಂತ ಜಾಸ್ತಿ ಹಾಕಿದರೆ ಕಾರ್ಬೊರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನಲ್ಲಿ, ಹಾದುಹೋಗುವ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಗುತ್ತದೆ. ಮೊದಲೇ ಗಾಳಿ ಜಾಸ್ತಿ ಇರುವ ಗಾಡಿಗೆ ಇದು ಒಳ್ಳೇದಲ್ಲ. ಅಂಕಲ್‌ಗೆ ಹ್ಞೂಂ ಅಂದು ಸುಮ್ಮನಾದೆ.

ಸುಲಭದ್ದನ್ನು ಮೊದಲು ನೋಡೋಣ ಅಂತ ಒಂದು ಸಂಜೆ ಕತ್ತಲಾದ ಮೇಲೆ ಬಲಗಡೆಯ ಕವರ್ ಬಿಚ್ಚಿ ಗಾಡಿ ಸ್ಟಾರ್ಟ್ ಮಾಡಿದೆ. ಕತ್ತಲಲ್ಲೇ ನೋಡಬೇಕು. ಪ್ಲಗ್ಗಿನ ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚಿನಂಥ ಪಾಯಿಂಟ್ ನಡುವೆ ಒಳ್ಳೇ ನೀಲಿ ಕಿಡಿ ಹಾರುತ್ತಿತ್ತು. ಪಾಯಿಂಟಿನ ಮುಖವೂ ಸುಟ್ಟು ಕಪ್ಪಾಗಿತ್ತು. ಕಿಡಿ ಹಾರಬೇಕಾದ್ದು ಪ್ಲಗ್ಗಿನಲ್ಲಿ, ಇಲ್ಲಲ್ಲ. ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿದೆ ಅಂತ ಅರ್ಥ. ಹೊಸದು ಹಾಕಿ, ಪಾಯಿಂಟ್ ಉಜ್ಜಿ, ಗ್ಯಾಪ್ 0.4 ಮಿ.ಮೀ.ಗೆ ಇಟ್ಟೆ. ಬಿಸಿಯಾದಾಗಿನ ಮಿಸ್ಸಿಂಗ್ ಅಲ್ಲಿಗೇ ನಿಂತಿತು. ಉಳಿದ ಎರಡು ರೋಗ ಹಾಗೇ ಇದ್ದವು.

ಈಗ ಗಾಳಿಯ ಕಡೆ ಬಂದೆ. ಟೂ ಸ್ಟ್ರೋಕ್‌ನಲ್ಲಿ ಸಿಲಿಂಡರಿನ ಕೆಳಗಿರುವ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋಗುವಾಗ ಪೆಟ್ರೋಲ್ ಗಾಳಿ ಎರಡನ್ನೂ ಕೆಳಗೆ ಎಳೆದುಕೊಳ್ಳುತ್ತದೆ, ಕೆಳಗಿಳಿಯುವಾಗ ಅದನ್ನೇ ಸಿಲಿಂಡರಿಗೆ ತಳ್ಳುತ್ತದೆ. ಹಾಗಾಗಿ ಅದರೊಳಗೆ ತಿರುಗುವ ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್‌ಗಳು ಇಲ್ಲಿ ಗಾಳಿಯನ್ನೂ ತಡೆಯಬೇಕು. ಎಡಗಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ಇಳಿಯುತ್ತದೆ. ನಮ್ಮದರಲ್ಲಿ ಆಯಿಲ್ ಮಟ್ಟ ಸರಿಯಾಗೇ ಇತ್ತು. ಬಲಗಡೆ, ಡೈನಮೋ ಹಿಂದಿನದು ಹೋದರೆ ಬರೀ ಗಾಳಿ ನುಗ್ಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಸುತ್ತ ಸ್ಪ್ರೇ ಹೊಡೆದು ಸದ್ದು ಬದಲಾಗುತ್ತಾ ನೋಡುವವರಿದ್ದಾರೆ. ಯೆಜ್ಡಿಯಲ್ಲಿ ಪಾಯಿಂಟ್ ಇರುವುದೂ ಅದೇ ಕಡೆ. ಕಿಡಿ ಹಾರುವ ಜಾಗಕ್ಕೆ ಬೆಂಕಿ ಹತ್ತುವ ಸ್ಪ್ರೇ ಹೊಡೆಯುವಷ್ಟು ಧೈರ್ಯ ನನಗಿಲ್ಲ.

ಅಮ್ಮನ ಹಳೇ ಬಿಪಿ ಮಿಷಿನ್ ನೆನಪಾಯಿತು. ಡಯಲ್ ಇರುವಂಥದು, ಕೈಯಲ್ಲಿ ಒತ್ತುವ ರಬ್ಬರ್ ಬುರುಡೆಯದು. ಒಂದು ಹಳೇ ಪ್ಲಗ್ ಒಡೆದು ಪಿಂಗಾಣಿ ತೆಗೆದೆ. ಉಳಿದ ಕಬ್ಬಿಣದ ತುಂಡಿಗೆ ಬಿಪಿ ಟ್ಯೂಬ್ ತೂರಿಸಿ ಎಂ-ಸೀಲ್ ಮೆತ್ತಿದೆ. ಸೈಲೆನ್ಸರ್ ಎರಡೂ ಬಿಚ್ಚಿ, ಆ ಬಾಯಿಗಳಿಗೆ ಸೈಕಲ್ ಟ್ಯೂಬಿನ ತುಂಡು, ಅದರ ಮೇಲೆ ತಗಡಿನ ಬಿಲ್ಲೆ ಇಟ್ಟು ಅವೇ ನಟ್‌ಗಳಿಂದ ಬಿಗಿದೆ. ಕಾರ್ಬೊರೇಟರ್ ತೆಗೆದ ಜಾಗಕ್ಕೆ ರಬ್ಬರ್ ಬಿರಡೆ. ಡೈನಮೋ ಪೂರ್ತಿ ಹೊರಗೆ. ಪಿಸ್ಟನ್ ಕೆಳಗಿರಬೇಕು, ಆಗಲೇ ಸಿಲಿಂಡರಿನಿಂದ ಕ್ರ್ಯಾಂಕ್‌ಕೇಸಿಗೆ ದಾರಿ ತೆರೆದಿರುತ್ತದೆ.

ಡಯಲ್‌ನಲ್ಲಿ 250ರವರೆಗೆ ಒತ್ತಿದೆ, ಅಂದರೆ ಸುಮಾರು 5 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ, ಸೀಲೇ ಹಾಳಾದೀತು. ಕೈ ಬಿಟ್ಟ ಕೂಡಲೇ ಮುಳ್ಳು ಸರ್ರಂತ ಇಳಿಯಿತು. ಸೋಪಿನ ನೀರನ್ನು ಪೇಂಟ್ ಬ್ರಷ್‌ನಲ್ಲಿ ಸಿಲಿಂಡರ್ ಬುಡದ ಗ್ಯಾಸ್ಕೆಟ್‌ಗೆ ಹಚ್ಚಿದೆ. ಏನಿಲ್ಲ. ಸೈಲೆನ್ಸರ್ ಬಾಯಿಗಳಿಗೆ ಹಚ್ಚಿದೆ. ಏನಿಲ್ಲ. ಗೇರ್ ಆಯಿಲ್ ಹಾಕುವ ತೂತಿಗೆ ಕಿವಿ ಕೊಟ್ಟೆ, ಗುಳುಗುಳು ಇಲ್ಲ. ಬಲಗಡೆ ಸೀಲಿಗೆ ಹಚ್ಚುತ್ತಿದ್ದಂತೆ ಫಿಲ್ಟರ್ ಕಾಫಿಯ ಹಾಗೆ ನೊರೆ ಎದ್ದಿತು. ನಾನು ಜೋರಾಗಿ ಕೂಗಿಬಿಟ್ಟೆ. ಅಮ್ಮ ಗಾಬರಿಯಾಗಿ ಹೊರಗೆ ಬಂದು ತಮ್ಮ ಬಿಪಿ ಮಿಷಿನ್ ಇದ್ದ ಸ್ಥಿತಿ ನೋಡಿದರು. ಆ ಮಾತುಕತೆ ಇಲ್ಲಿ ಬೇಡ.

ಸೀಲ್ ಹೊರಗೆ ತೆಗೆದಾಗ ರಬ್ಬರ್ ಅನ್ನುವಂಥದ್ದು ಏನೂ ಉಳಿದಿರಲಿಲ್ಲ. ತುಟಿಯನ್ನು ಉಗುರಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಹೊಸದನ್ನು ಕೂರಿಸುವ ಮುಂಚೆ ಕ್ರ್ಯಾಂಕಿನ ಮೇಲೆ ಕೀ ಕೂರುವ ಸೀಳಿಗೆ ಸೆಲ್ಲೋಟೇಪ್ ಸುತ್ತಿದೆ. ಇಲ್ಲದಿದ್ದರೆ ಅದರ ಅಂಚು ಹೊಸ ತುಟಿಯನ್ನು ಕೊಯ್ದುಬಿಡುತ್ತದೆ. ತುಟಿಗೆ ಸ್ವಲ್ಪ ಗ್ರೀಸ್, ಸರಿಯಳತೆಯ ಸಾಕೆಟ್ ಇಟ್ಟು ಮೆಲ್ಲಗೆ ಸುತ್ತಲೂ ತಟ್ಟಿದೆ. ಮತ್ತೆ 250. ಈ ಸಲ ಮುಳ್ಳು ಒಂದು ನಿಮಿಷವಾದರೂ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು.

ಹಾಗಾದರೆ ರಸ್ತೆಯಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತಿದ್ದದ್ದು? ಮೇನ್ ಜೆಟ್ ತೆಗೆದು ಹೊಸದರ ಪಕ್ಕ ಇಟ್ಟೆ. ಒಂದು ತಾಮ್ರದ ತಂತಿ ಹಳೇ ಜೆಟ್ಟಿನಲ್ಲಿ ಸಲೀಸಾಗಿ ತೂರಿತು, ಹೊಸದರಲ್ಲಿ ತೂರಲೇ ಇಲ್ಲ. ಯಾವ ಕಾಲದಲ್ಲೋ ಯಾರೋ ತೂತು ದೊಡ್ಡದು ಮಾಡಿದ್ದಾರೆ. ಗಾಳಿ ಎಳೆಯುವುದನ್ನು ಹುಡುಕುವ ಬದಲು ಪೆಟ್ರೋಲ್ ಜಾಸ್ತಿ ಮಾಡಿ ಮುಚ್ಚಿಟ್ಟಿದ್ದರು ಅಂತ ನನ್ನ ಊಹೆ. ಗಾಳಿ ಸೋರಿಕೆಯ ತೊಂದರೆ ಜಾಸ್ತಿ ಕಾಣುವುದು ಐಡ್ಲಿಂಗ್‌ನಲ್ಲಿ. ಮೇನ್ ಜೆಟ್ ಕೆಲಸ ಶುರುವಾಗುವುದು ಆಕ್ಸಿಲರೇಟರ್ ಚೆನ್ನಾಗಿ ತಿರುಗಿಸಿದ ಮೇಲೆ. ಅದಕ್ಕೇ ಎರಡು ಉಲ್ಟಾ ರೋಗ.

ಹೊಸ ಜೆಟ್ ಹಾಕಿದೆ. ಡೈನಮೋ ಕೂರಿಸಿ ಟೈಮಿಂಗ್ ನೋಡಿದೆ. ಪಿಸ್ಟನ್ ತುದಿ ಮುಟ್ಟುವುದಕ್ಕೆ ಸುಮಾರು 3 ಮಿ.ಮೀ. ಇರುವಾಗ ಪಾಯಿಂಟ್ ತೆರೆಯಬೇಕು. ಪಾಯಿಂಟ್ ನಡುವೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಇಟ್ಟು ಎಳೆಯುತ್ತಾ ಇದ್ದರೆ, ಅದು ಸಡಿಲವಾದ ಜಾಗವೇ ಲೆಕ್ಕ. ಗೇರ್ ಲಿವರ್ ಒಳಗೊತ್ತಿ ಮೇಲೆ ತಿರುಗಿಸಿ, ಅದನ್ನೇ ಕಿಕ್ಕರ್ ಮಾಡಿಕೊಂಡು ಒದ್ದೆ. ಎರಡನೇ ಕಿಕ್ಕಿಗೆ ಹತ್ತಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸದ್ದು ಕೆಳಗೆ ಬಂದು ಕೂತಿತು. ಶ್ರೀರಂಗಪಟ್ಟಣಕ್ಕೆ ಹೋಗಿ ಬಂದು ಪ್ಲಗ್ ಬಿಚ್ಚಿದರೆ ಕಾಫಿಪುಡಿ ಬಣ್ಣ, ಅಂದರೆ ಪೆಟ್ರೋಲ್ ಗಾಳಿ ಎರಡೂ ಹದವಾಗಿವೆ.

ಎಡಗಡೆಯ ಸೀಲ್ ಇನ್ನೂ ಹಳೆಯದೇ. ಅದಕ್ಕೆ ಕ್ಲಚ್ ಬಿಚ್ಚಬೇಕು, ಸದ್ಯಕ್ಕೆ ಪುರುಸೊತ್ತಿಲ್ಲ. ತಿಂಗಳಿಗೊಮ್ಮೆ ಗೇರ್ ಆಯಿಲ್ ಮಟ್ಟ ನೋಡುತ್ತಿದ್ದೇನೆ. ಅಮ್ಮನಿಗೆ ಬ್ಯಾಟರಿಯ ಬಿಪಿ ಮಿಷಿನ್ ತಂದುಕೊಟ್ಟಿದ್ದೇನೆ.