ಬೆನ್ ಲೋಮಂಡ್ ಹತ್ತುವ ಮುಂಚೆ: ವಾಪಸ್ ತಿರುಗುವ ಗಂಟೆ ಮನೆಯಲ್ಲೇ ಬರೆದಿಟ್ಟುಕೊಳ್ಳಿ

ಸ್ಕಾಟ್ಲೆಂಡಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್, 1,345 ಮೀಟರ್. ನಮ್ಮ ಕೊಡಚಾದ್ರಿ 1,343. ಗ್ಲಾಸ್ಗೋಗೆ ಹೊಸದಾಗಿ ಬಂದ ಕನ್ನಡದವರಿಗೆ ಈ ಲೆಕ್ಕ ಹೇಳಿದರೆ ಸಾಕು, "ಅಷ್ಟೇನಾ?" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಜೀನ್ಸ್ ಹಾಕಿಕೊಂಡು ಹೋದವನೇ. ಅದೂ ಬೆನ್ ನೆವಿಸ್‌ಗಲ್ಲ, ಅದಕ್ಕಿಂತ ಎಷ್ಟೋ ಚಿಕ್ಕದಾದ ಬೆನ್ ಲೋಮಂಡ್‌ಗೆ. ಮುಕ್ಕಾಲು ದಾರಿಗೆ ಮಳೆ ಹಿಡಿಯಿತು, ಜೀನ್ಸ್ ಕಲ್ಲಿನ ಹಾಗೆ ಭಾರವಾಗಿ ಕಾಲಿಗೆ ಅಂಟಿಕೊಂಡಿತು, ಹಲ್ಲು ಕಟಕಟ ಅನ್ನಿಸಿಕೊಂಡು ವಾಪಸ್ ಬಂದೆ. ಜುಲೈ ತಿಂಗಳು.

ಎತ್ತರದ ಅಂಕಿ ನೋಡಿ ಮೋಸ ಹೋಗಬೇಡಿ. ಮುಳ್ಳಯ್ಯನಗಿರಿಯಲ್ಲಿ ಗಾಡಿ ಬಹಳ ಮೇಲಿನವರೆಗೆ ಹೋಗುತ್ತದೆ, ಕೊನೆಗೆ ಉಳಿಯುವುದು ಮೆಟ್ಟಿಲು. ಇಲ್ಲಿ ಕಾರು ನಿಲ್ಲಿಸುವುದು ಲೋಮಂಡ್ ಸರೋವರದ ದಡದಲ್ಲಿ, ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲೇ. ಬೆಟ್ಟದ 974 ಮೀಟರನ್ನೂ ಕಾಲಲ್ಲೇ ಹತ್ತಬೇಕು. ಮೇಲೆ ಮರವಿಲ್ಲ, ಅಂಗಡಿಯಿಲ್ಲ, ಮಳೆ ಬಂದರೆ ತಲೆ ಮರೆಸಲು ಒಂದು ಚಪ್ಪರವೂ ಇಲ್ಲ.

ಮೊದಲ ಸಲಕ್ಕೆ ಬೆನ್ ಲೋಮಂಡನ್ನೇ ಯಾಕೆ ಹೇಳುತ್ತೇನೆ ಅಂದರೆ, ಗ್ಲಾಸ್ಗೋಗೆ ಹತ್ತಿರ, ದಾರಿ ಸ್ಪಷ್ಟ, ಜನ ಇರುತ್ತಾರೆ. ಜೊತೆಗೆ ಇದೊಂದು ಮನ್ರೋ. ಅಂದರೆ 3,000 ಅಡಿ ದಾಟಿದ ಬೆಟ್ಟ. ಹ್ಯೂ ಮನ್ರೋ ಅನ್ನುವವರು 1891ರಲ್ಲಿ ಇಂಥವುಗಳ ಪಟ್ಟಿ ಮಾಡಿದರು. ಈಗ ಆ ಪಟ್ಟಿಯಲ್ಲಿ 282 ಇವೆ, ಎಲ್ಲವನ್ನೂ ಹತ್ತುವುದೇ ಇಲ್ಲಿ ಎಷ್ಟೋ ಜನರಿಗೆ ಜೀವನದ ಹುಚ್ಚು. ದಕ್ಷಿಣದ ತುದಿಯ ಮನ್ರೋ ಇದೇ.

ಈಗ ಲೆಕ್ಕ. ಸಮಯದ ಲೆಕ್ಕ ಮಾಡದೆ ಹೊರಡಲೇಬೇಡಿ. ನೇಸ್ಮಿತ್ ಅನ್ನುವ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಎಲ್ಲರೂ ಬಳಸುತ್ತಾರೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೆನ್ ಲೋಮಂಡ್ ಹೋಗಿ ಬರಲು ಸುಮಾರು 12 ಕಿಲೋಮೀಟರ್. ಅದಕ್ಕೆ ಎರಡೂಕಾಲು ಗಂಟೆ ಚಿಲ್ಲರೆ, ಏರಿಗೆ ಒಂದೂವರೆ ಗಂಟೆ ಚಿಲ್ಲರೆ, ಒಟ್ಟು ನಾಲ್ಕು ಗಂಟೆ. ಆದರೆ ಇದು ಎಲ್ಲೂ ಕೂರದೆ, ಫೋಟೋ ತೆಗೆಯದೆ, ಗಟ್ಟಿ ಕಾಲಿನಲ್ಲಿ ನಡೆಯುವವರ ಲೆಕ್ಕ. ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಏಳುವ ನಮ್ಮಂಥವರು ಆರು ಗಂಟೆ ಇಟ್ಟುಕೊಳ್ಳಬೇಕು.

ಆಮೇಲೆ ಹಿಂದಿನಿಂದ ಎಣಿಸಿ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಡಿಸೆಂಬರಿನಲ್ಲಿ ಪೌಣೆ ನಾಲ್ಕಕ್ಕೆಲ್ಲ ಸೂರ್ಯ ಹೋಗಿಬಿಡುತ್ತಾನೆ. ಎಷ್ಟಕ್ಕೆ ಕೆಳಗಿರಬೇಕು ಅಂತ ನೋಡಿ, ಎಷ್ಟಕ್ಕೆ ವಾಪಸ್ ತಿರುಗಬೇಕು ಅನ್ನುವುದನ್ನು ಹಿಂದಿನ ರಾತ್ರಿಯೇ ಬರೆದಿಡಿ. ಮಧ್ಯಾಹ್ನ ಒಂದು ಅಂತ ಬರೆದಿದ್ದರೆ ಒಂದು ಗಂಟೆಗೆ ಎಲ್ಲೇ ಇರಲಿ, ತುದಿ ಕಣ್ಣೆದುರೇ ಇರಲಿ, ತಿರುಗಿ. ಮೇಲೆ ನಿಂತು ಯೋಚಿಸಿದರೆ "ಇನ್ನೇನು ಹತ್ತೇ ನಿಮಿಷ" ಅಂತಲೇ ಅನ್ನಿಸುವುದು. ಆ ಹತ್ತು ನಿಮಿಷ ಯಾವತ್ತೂ ಹತ್ತು ನಿಮಿಷ ಅಲ್ಲ.

ಹವಾಮಾನಕ್ಕೆ ಫೋನಿನಲ್ಲಿರುವ ಮಾಮೂಲಿ ಆ್ಯಪ್ ನೋಡಬೇಡಿ, ಅದು ಊರಿನ ಹವೆ ಹೇಳುತ್ತದೆ. ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವಿಸ್ ಅಂತ ಒಂದಿದೆ, ಬೆಟ್ಟಗಳಿಗೆಂದೇ ಇರುವುದು, ಪುಕ್ಕಟೆ. ಹಿಂದಿನ ಸಂಜೆ ಅದನ್ನು ಓದಿ. ನಾನು ಮೊದಲು ನೋಡುವುದು ಮಳೆಯನ್ನಲ್ಲ, ಗಾಳಿಯನ್ನು. ಮಳೆಗೆ ಜಾಕೆಟ್ ಇದೆ, ಗಾಳಿಗೆ ಏನೂ ಇಲ್ಲ. ತುದಿಯಲ್ಲಿ ಗಂಟೆಗೆ 35 ಮೈಲಿ ದಾಟುತ್ತದೆ ಅಂದರೆ ನಾನಂತೂ ಹೋಗಲ್ಲ, ಸುಮ್ನೆ ಸರೋವರದ ದಡದಲ್ಲಿ ನಡೆದು ಟೀ ಕುಡಿದು ಬರುತ್ತೇನೆ. ತುದಿ ಮೋಡದೊಳಗೆ ಇರುತ್ತದಾ ಅನ್ನುವುದನ್ನೂ ಅದರಲ್ಲೇ ಹೇಳಿರುತ್ತಾರೆ. ಕೆಳಗಿಗಿಂತ ಮೇಲೆ ಆರೇಳು ಡಿಗ್ರಿ ಕಮ್ಮಿ ಅಂತ ಇಟ್ಟುಕೊಳ್ಳಿ, ಗಾಳಿ ಸೇರಿದರೆ ಇನ್ನೂ ಜಾಸ್ತಿ ಚಳಿ.

ಬಟ್ಟೆಗೆ ಒಂದೇ ನಿಯಮ, ಹತ್ತಿ ಬೇಡ. ಒದ್ದೆಯಾದರೆ ಒಣಗಲ್ಲ, ಮೈ ಬಿಸಿಯನ್ನೆಲ್ಲ ಹೀರುತ್ತದೆ. ಒಳಗೆ ಬೇಗ ಒಣಗುವ ಟೀ ಶರ್ಟ್, ಮೇಲೆ ಫ್ಲೀಸ್, ಚೀಲದಲ್ಲಿ ನೀರಿಳಿಯದ ಜಾಕೆಟ್ ಮತ್ತು ಪ್ಯಾಂಟ್. ಟೋಪಿ, ಕೈಗವಸು ಆಗಸ್ಟ್‌ನಲ್ಲೂ ಇರಲಿ. ಹಿಡಿತ ಇರುವ ಬೂಟು, ಹೆಡ್ ಟಾರ್ಚ್, ಒಂದು ಸೀಟಿ.

ಊಟದ ವಿಷಯದಲ್ಲಿ ನನ್ನ ಅನುಭವ ಕೇಳಿ. ಒಂದು ಸಲ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ಒಯ್ದಿದ್ದೆ. ತುದಿಯಲ್ಲಿ ಬಂಡೆಗೆ ಒರಗಿ ಕೂತು ಕೈಗವಸು ತೆಗೆದೆ, ಎರಡೇ ನಿಮಿಷಕ್ಕೆ ಬೆರಳು ಮರಗಟ್ಟಿ ಮುಚ್ಚಳ ತೆಗೆಯಲು ಆಗಲಿಲ್ಲ. ಗೆಳೆಯ ತೆಗೆದುಕೊಟ್ಟ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅನ್ನದ ಅಗುಳು, ಕಡಲೆಕಾಯಿ ಬೀಜ ಎಲ್ಲ ಗಾಳಿಗೆ ಹಾರಿ ಅವನ ಜಾಕೆಟ್ಟಿಗೆ ಅಂಟಿಕೊಂಡಿತ್ತು. ಅವತ್ತಿನಿಂದ ತುಪ್ಪ, ಚಟ್ನಿಪುಡಿ ಸವರಿ ಸುತ್ತಿದ ಚಪಾತಿ. ಕೈಗವಸು ಹಾಕಿಕೊಂಡೇ, ನಡೆಯುತ್ತಲೇ ತಿನ್ನಬಹುದು. ಫ್ಲಾಸ್ಕಿನಲ್ಲಿ ಬಿಸಿ ಟೀ ಮಾತ್ರ ಬಿಡಬೇಡಿ.

ಹೋಗುವುದು ಹೇಗೆ? ಕಾರಿದ್ದರೆ ಡ್ರೈಮೆನ್, ಬಲ್ಮಾಹ ದಾಟಿ ರೋವರ್ಡೆನ್ನನ್‌ವರೆಗೆ, ರಸ್ತೆ ಅಲ್ಲೇ ಮುಗಿಯುತ್ತದೆ. ವಾರಾಂತ್ಯದಲ್ಲಿ ಪಾರ್ಕಿಂಗ್ ಬೇಗ ತುಂಬುತ್ತದೆ, ಒಂಬತ್ತರೊಳಗೆ ಅಲ್ಲಿರಿ. ಕಾರಿಲ್ಲದವರು ಹಟ ಹಿಡಿಯುವುದು ಬೇಡ, ರೈಲಿನಲ್ಲಿ ಆರೋಖರ್ ಆ್ಯಂಡ್ ಟಾರ್ಬೆಟ್ ನಿಲ್ದಾಣಕ್ಕೆ ಹೋಗಿ ಕಾಬ್ಲರ್ ಅನ್ನುವ ಬೆಟ್ಟ ಹತ್ತಿ. 884 ಮೀಟರ್, ಮನ್ರೋ ಅಲ್ಲ, ಆದರೆ ನೋಡಲು ಬೆನ್ ಲೋಮಂಡ್‌ಗಿಂತ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ರೋವರ್ಡೆನ್ನನ್‌ನಿಂದ ಎರಡು ದಾರಿ. ಎಲ್ಲರೂ ಹೋಗುವ ದೊಡ್ಡ ದಾರಿ ಕಾಡು ದಾಟಿ, ಅಗಲವಾದ ಏರು ಹಿಡಿದು, ಕೊನೆಗೆ ಅಂಕುಡೊಂಕಾಗಿ ಮೇಲೆ ಹೋಗುತ್ತದೆ. ಟಾರ್ಮಿಗನ್ ಅನ್ನುವ ಇನ್ನೊಂದು ದಾರಿ ಕಡಿದಾಗಿದೆ, ಕಲ್ಲು ಜಾಸ್ತಿ. ಮೊದಲ ಸಲ ದೊಡ್ಡ ದಾರಿಯಲ್ಲೇ ಹೋಗಿ ಅದರಲ್ಲೇ ಇಳಿಯಿರಿ. ತುದಿಯ ಈಶಾನ್ಯಕ್ಕೆ ನೇರ ಪ್ರಪಾತ. ದೊಡ್ಡ ದಾರಿ ಆಗ್ನೇಯಕ್ಕೆ, ಟಾರ್ಮಿಗನ್ ವಾಯವ್ಯಕ್ಕೆ. ಮಂಜು ಕವಿದಾಗ ತುದಿಯಲ್ಲಿ ಎರಡು ಸುತ್ತು ಹಾಕಿ ಫೋಟೋ ತೆಗೆದರೆ ಸಾಕು, ಯಾವ ಕಡೆಯಿಂದ ಬಂದೆವು ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಕಂಪಾಸು, ಕಾಗದದ ನಕ್ಷೆ ಇಟ್ಟುಕೊಳ್ಳಿ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಲ್ಯಾಂಡ್‌ರೇಂಜರ್ 56ನೇ ನಕ್ಷೆ. ಫೋನಿನಲ್ಲೂ ನಕ್ಷೆ ಇಳಿಸಿಕೊಳ್ಳಿ, ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಫೋನ್ ಒಳಜೇಬಿನಲ್ಲಿರಲಿ.

ಚಳಿಗಾಲದಲ್ಲಿ ಹಿಮ ಇದ್ದರೆ ಇದು ಬೇರೆಯದೇ ಬೆಟ್ಟ. ಐಸ್ ಆ್ಯಕ್ಸ್ (ಹಿಮಕ್ಕೆ ಊರುವ ಕೊಡಲಿ), ಕ್ರ್ಯಾಂಪಾನ್ (ಬೂಟಿನಡಿಗೆ ಕಟ್ಟುವ ಕಬ್ಬಿಣದ ಮುಳ್ಳು) ಎರಡನ್ನೂ ಬಳಸಲು ಕಲಿಯದೆ ಹೋಗಬೇಡಿ.

ಬೇಸಿಗೆಯಲ್ಲಿ ಮಿಜ್ ಅನ್ನುವ ಚುಕ್ಕಿಯಷ್ಟು ಹುಳ ಮೋಡದ ಹಾಗೆ ಬಂದು ಮುತ್ತುತ್ತದೆ. ಗಾಳಿಯಿಲ್ಲದ ಸಂಜೆ ಪಾರ್ಕಿಂಗಿನಲ್ಲಿ ಬೂಟು ಬಿಚ್ಚುತ್ತಾ ನಿಂತಿರೋ, ಮುಗಿಯಿತು. ಸ್ಮಿಜ್ ಅನ್ನುವ ಕ್ರೀಮು ಹಚ್ಚಿಕೊಳ್ಳಿ. ಉಣುಗು ಕೂಡ ಇದೆ, ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಗೊತ್ತಿರುವುದೇ. ಇಲ್ಲಿ ಅದರಿಂದ ಬರುವುದು ಲೈಮ್ ರೋಗ. ಮನೆಗೆ ಹೋದ ಮೇಲೆ ಮೊಣಕಾಲಿನ ಹಿಂದೆ, ಕಂಕುಳು ಎಲ್ಲ ಒಮ್ಮೆ ನೋಡಿಕೊಳ್ಳಿ.

ಅರಣ್ಯ ಇಲಾಖೆ ಪರ್ಮಿಷನ್, ಚಾರಣದ ಟಿಕೆಟ್ ಏನೂ ಬೇಡ. 2003ರ ಕಾನೂನಿನಂತೆ ಜವಾಬ್ದಾರಿಯಿಂದ ಯಾರು ಬೇಕಾದರೂ ಬೆಟ್ಟದ ಮೇಲೆ ನಡೆಯಬಹುದು. ತೆಗೆದ ಗೇಟು ಮುಚ್ಚಿ, ಕುರಿಗಳ ತಂಟೆಗೆ ಹೋಗಬೇಡಿ.

ಏನಾದರೂ ಆದರೆ ಇಲ್ಲಿನ ತುರ್ತು ನಂಬರು 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ತಂಡ. ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಮಾತಾಡುವಷ್ಟು ಸಿಗ್ನಲ್ ಸಿಗದಿದ್ದರೂ ಮೆಸೇಜ್ ಹೋಗಬಹುದು. ಅದಕ್ಕೆ ಮೊದಲೇ ಮನೆಯಿಂದ 999ಕ್ಕೆ 'ರಿಜಿಸ್ಟರ್' ಅನ್ನುವ ಇಂಗ್ಲಿಷ್ ಪದ ಕಳಿಸಿ ನೋಂದಾಯಿಸಿಕೊಂಡಿರಬೇಕು. ಸೀಟಿಯಾದರೆ ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ.

ಯಾವ ಬೆಟ್ಟ, ಯಾವ ದಾರಿ, ಕಾರಿನ ನಂಬರು, ಎಷ್ಟು ಗಂಟೆಯವರೆಗೆ ಸುದ್ದಿ ಬರದಿದ್ದರೆ ಫೋನ್ ಮಾಡಬೇಕು, ಇಷ್ಟನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗಿ. ಕೆಳಗಿಳಿದ ತಕ್ಷಣ "ಇಳಿದೆ" ಅಂತ ಮೆಸೇಜ್ ಹಾಕಿ. ನಾನು ಒಂದು ಸಲ ಮರೆತು ಡ್ರೈಮೆನ್‌ನಲ್ಲಿ ಚಿಪ್ಸ್ ತಿನ್ನುತ್ತಾ ಕೂತಿದ್ದೆ, ಮನೆಯಲ್ಲಿ ಹೆಂಡತಿ ಎರಡು ಒಂಬತ್ತು ಒತ್ತಿ ಮೂರನೆಯದಕ್ಕೆ ಬೆರಳು ಇಟ್ಟಿದ್ದಳು.